ಎಡಗಡೆ ಮುಕ್ಕಾಲಿಂಚು

ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಯಲ್ಲಿ
ಬಾಗಿಲಿಗಿಂತ ಹಳೆಯದು ಅಳತೆ ಪುಸ್ತಕ.
ಅದರಲ್ಲಿ ಕಂಡಕ್ಟರ್ ದ್ಯಾವಪ್ಪನಿಗೆ ಇಪ್ಪತ್ತೆರಡು ಸಾಲು,
ಡಿಪೋದವರು ಖಾಕಿ ಬಟ್ಟೆ ಕೊಟ್ಟಾಗಲೆಲ್ಲ ಒಂದೊಂದು.
ಉದ್ದ ನಲವತ್ತು, ಸೊಂಟ ಮೂವತ್ನಾಲ್ಕು, ಸೀಟು ಮೂವತ್ತೊಂಬತ್ತು.
ಆಮೇಲೆ ಸೊಂಟ ಮೂವತ್ತಾರು. ಆಮೇಲೆ ಮೂವತ್ತೆಂಟು.
ಬೇಲೂರು ಸ್ಟ್ಯಾಂಡಿನ ಬೋಂಡ ಮತ್ತೆಲ್ಲಿ ಹೋಗಬೇಕು?

ಹೋದ ವರ್ಷ ಪ್ಯಾಂಟು ವಾಪಸ್ ತಂದ.
"ಗೌಸಣ್ಣ, ಎಡಗಡೆ ಜೋಲು ಬೀಳ್ತದೆ,
ನಿನ್ನ ಕತ್ತರಿಗೂ ವಯಸ್ಸಾಯ್ತಾ?"
ಕೋಪ ಬಂತು ನನಗೆ.
ನಿಲ್ಲಿಸಿ ಟೇಪು ಹಿಡಿದೆ,
ನಡುಹೊಲಿಗೆಯಿಂದ ಪಕ್ಕದ ಹೊಲಿಗೆಗೆ, ಬಲಗಡೆ, ಎಡಗಡೆ.
ಎಡಗಡೆ ಮುಕ್ಕಾಲಿಂಚು ಕಡಿಮೆ.
ಇನ್ನೊಮ್ಮೆ ಹಿಡಿದೆ. ಮುಕ್ಕಾಲಿಂಚೇ.
ಕತ್ತರಿ ತಪ್ಪಿರಲಿಲ್ಲ.
ಇದನ್ನು ಗಿರಾಕಿಗೆ ಹೇಗೆ ಹೇಳೋದು?
ದ್ಯಾವಪ್ಪ, ನೀನು ಒಂದು ಕಡೆ ಖರ್ಚಾಗಿದ್ದೀಯ?

ನಡೆದು ತೋರಿಸು, ಅಂದೆ.
ಮಿಷನ್ನಿಂದ ಹೊಸ್ತಿಲ ತನಕ ಆರು ಹೆಜ್ಜೆ.
ಎಡಗಾಲ ಮೇಲೆ ಭಾರ ಬಿದ್ದಾಗೆಲ್ಲ
ಬಲಸೊಂಟ ಕೆಳಗೆ ಜಾರುತ್ತಿತ್ತು,
ಒಂದು ಹಗ್ಗ ಸಡಿಲಿದ ತೊಟ್ಟಿಲ ಹಾಗೆ,
ಮೈ ಎಡಕ್ಕೆ ವಾಲಿ ಅದನ್ನು ಮುಚ್ಚಿಡುತ್ತಿತ್ತು.

ದೊಡ್ಡಾಸ್ಪತ್ರೆಗೆ ನಾನೇ ಕರಕೊಂಡು ಹೋದೆ.
ಕೀಲಿನ ಮೆತ್ತೆ ಸವೆದಿದೆ ಅಂದರು.
ಅದು ಅವನಿಗೂ ಗೊತ್ತಿತ್ತು,
ಎಡಮಗ್ಗುಲಿಗೆ ಮಲಗೋದು ಬಿಟ್ಟು ಮೂರು ವರ್ಷ.
ಫಿಸಿಯೋ ಕೋಣೆಯ ಲವೀನಾ ಮೇಡಂ, ಸಕಲೇಶಪುರದ ಹುಡುಗಿ,
ಸ್ಕ್ಯಾನಿನ ಮೇಲೆ ಬೆರಳಿಟ್ಟಳು:
"ಇದು ಪಕ್ಕದ ಸ್ನಾಯು. ಒಂಟಿಕಾಲಲ್ಲಿ ನಿಂತಾಗ
ಸೊಂಟಾನ ಮಟ್ಟಸವಾಗಿ ಹಿಡಿಯೋದು ಇದೇ.
ನೋವಿಗೆ ಹೆದರಿ ಇದಕ್ಕೆ ರಜೆ ಕೊಟ್ಟಿದ್ದೀರ.
ಸೊರಗಿದೆ, ಸೊರಗಿದ ಜಾಗಕ್ಕೆ ಕೊಬ್ಬು ನುಗ್ಗಿದೆ."
ಬಲಗಡೆ ಒಂದೇ ಸಮ ಬೂದು,
ಎಡಗಡೆ ಬಿಳಿಬಿಳಿ ಗೆರೆ, ನುಸಿ ಹೊಡೆದ ಉಣ್ಣೆಕೋಟು.
ಹಂಗಾದ್ರೆ ನನ್ನ ಟೇಪು ಪೂರ್ತಿ ಹೇಳಲೇ ಇಲ್ಲ?
"ಒಳಗೆ ಯಾವ ಅಸ್ತರು ಅಂತ ಟೇಪಿಗೇನು ಗೊತ್ತು ಅಂಕಲ್."

ದ್ಯಾವಪ್ಪ ಸುಮ್ಮನೆ ಕೂತಿದ್ದ.
ಇಪ್ಪತ್ತೆರಡು ವರ್ಷ ಹಾಸನ, ಕಂದಲಿ, ಹಗರೆ, ಬೇಲೂರು.
ಎರಡೂ ಕೈಯಲ್ಲಿ ಟಿಕೆಟ್ಟು, ಚಿಲ್ಲರೆ,
ತಿರುವು ಬಂದರೆ ಎಡಸೊಂಟ ಸೀಟಿನ ಕಂಬಿಗೆ.
ನೋವು ಶುರುವಾದ ಮೇಲೆ ತಿರುವಿಲ್ಲದಿದ್ದರೂ ಕಂಬಿಗೆ.

ಬಲಮಗ್ಗುಲಿಗೆ ಮಲಗಿ ಎಡಗಾಲು ಎತ್ತಬೇಕು,
ತಡೆದು ಹಿಡಿಯಬೇಕು, ಮೆಲ್ಲಗೆ ಇಳಿಸಬೇಕು.
ಅಂಕಿ ಎಣಿಸಲು ಬೇಜಾರೆಂದು
ಅವನು ಸ್ಟಾಪುಗಳ ಹೆಸರು ಹಿಡಿದ.
ಮೊದಲ ವಾರ ಕಂದಲಿ ದಾಟಲಿಲ್ಲ, ಕಾಲು ದೊಪ್ಪನೆ ಬಿತ್ತು.
ಹೆಂಡತಿ ಪುಟ್ಟತಾಯಮ್ಮ ಪಕ್ಕದಲ್ಲಿ ಕೂತು
ಅವನದೇ ಸೀಟಿ ಊದಿ "ರೈಟ್ ರೈಟ್" ಅನ್ನುತ್ತಿದ್ದಳಂತೆ.
ಆಷಾಢದಲ್ಲಿ ಹಗರೆ.
ಗೌರಿಹಬ್ಬಕ್ಕೆ ಬೇಲೂರು ಕಾಣಿಸಿತು ಅಂದ,
ಮಾರನೇ ದಿನ ನೋವು ಜಾಸ್ತಿಯಾಗಿ ಮತ್ತೆ ಕಂದಲಿ.

ಈ ವರ್ಷದ ಖಾಕಿ ಬಂತು.
ಟೇಪು ಹಿಡಿದೆ. ಬಲಗಡೆ, ಎಡಗಡೆ.
ಮುಕ್ಕಾಲಿಂಚು. ದಾರದೆಳೆಯಷ್ಟೂ ಏರಿಲ್ಲ.
"ಎಷ್ಟು?" ಅಂದ.
ಕೆಮ್ಮಿದೆ. ಪೆನ್ಸಿಲ್ ಹುಡುಕಿದೆ.

ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕೊಟ್ಟೆ.
ನನ್ನ ಪರದೆ ಮೊಣಕಾಲಿಗೇ ಮುಗಿಯುತ್ತದೆ,
ಕೆಳಗೆ ಗಿರಾಕಿಗಳ ಪಾದ ಕಾಣುತ್ತವೆ.
ದ್ಯಾವಪ್ಪನದಾದರೆ ಪಾದದ ಜೊತೆಗೆ ಸ್ಟೂಲಿನ ಕಾಲೂ,
ಕೂರದೆ ಪ್ಯಾಂಟು ಏರಿಸಿದವನಲ್ಲ.
ಇವತ್ತು ಸ್ಟೂಲು ಹೊರಗೇ ಇತ್ತು, ಕೊಡಲು ಎದ್ದೆ.
ಅಷ್ಟರಲ್ಲಿ ಬಲಪಾದ ನೆಲ ಬಿಟ್ಟು ಮೇಲೆ ಹೋಯಿತು.
ಉಳಿದದ್ದು ಎಡಪಾದ ಒಂದೇ.
ಸ್ಟೂಲು ಹಿಡಿದು ಹಾಗೇ ನಿಂತೆ.
ಹಾಸನ... ಕಂದಲಿ...
ಹೆಬ್ಬೆರಳು ನೆಲ ಕಚ್ಚಿತು, ಹಿಮ್ಮಡಿ ನಡುಗಿತು,
ಪಾದ ಅಲ್ಲೇ ಇತ್ತು.
ಹಗರೆ ಬರುವಷ್ಟರಲ್ಲಿ ಖಾಕಿಯ ಅಂಚಿಂದ
ಬಲಪಾದ ಇಳಿಯಿತು.

ಪುಸ್ತಕದಲ್ಲಿ ಮುಕ್ಕಾಲಿಂಚು ಅಂತಲೇ ಬರೆದೆ.
ನೋಡಿದ್ದನ್ನು ಬರೆಯಲು ಅದರಲ್ಲಿ ಕಾಲಂ ಇಲ್ಲ.
ಹೊಲಿಯುವಾಗ ಎಡಗಡೆಯ ಒಳಮಡಿಕೆಯಲ್ಲಿ
ಮುಕ್ಕಾಲಿಂಚು ಬಟ್ಟೆ ಕತ್ತರಿಸದೆ ಬಿಟ್ಟಿದ್ದೇನೆ,
ಬೇಕಾದರೆ ಬಿಚ್ಚಬಹುದು.